ಲಾಭದಲ್ಲಿ ದುಡಿದವರ ಪಾಲು

ಮಧುಗಿರಿಯ ಏಕಶಿಲಾ ಬೆಟ್ಟದ ಸುತ್ತಿನ ಊರುಗಳಲ್ಲಿ ಹುಣಸೆಯ ಕಾಲ ಬಂತೆಂದರೆ ಗೋದಾಮುಗಳು ಹೆಣ್ಣುಮಕ್ಕಳಿಂದ ತುಂಬುತ್ತವೆ. ಶಿವರಾತ್ರಿಯ ಆಸುಪಾಸಿಗೆ ಆರಂಭವಾದ ಈ ಕೆಲಸ ಬಸವ ಜಯಂತಿಯ ಹೊತ್ತಿಗೆ ಒಂದು ಹದಕ್ಕೆ ಬರುತ್ತದೆ. ಬೆಳಗ್ಗೆ ಬಂದು ಗೋಣಿತಟ್ಟಿನ ಮೇಲೆ ಕುಳಿತರೆ ಸಂಜೆಯವರೆಗೆ ಹಣ್ಣನ್ನು ಕಲ್ಲಿನ ಮೇಲಿಟ್ಟು ಬಡಿಯುವುದು. ಬೀಜ ಬೇರೆ, ನಾರು ಬೇರೆ, ತಿರುಳು ಬೇರೆ ಮಾಡುವುದು. ಕೂಲಿ ಕಿಲೋ ಲೆಕ್ಕ. ಹುಳಿಯು ಬೆರಳ ಸಂದುಗಳಿಗೆ ಇಳಿದು ಚರ್ಮ ಬಿರಿಯುತ್ತದೆ. ಆ ಕೈಗಳಿಂದಲೇ ರಾತ್ರಿ ಮನೆಯಲ್ಲಿ ಮುದ್ದೆ ತೊಳಸಬೇಕು.

ಕೆಲವು ವರ್ಷಗಳ ಹಿಂದೆ ಇಂಥದೊಂದು ಗೋದಾಮಿನಲ್ಲಿ ಬಸವ ಜಯಂತಿಯ ದಿನ ನಾಲ್ಕು ಮಾತು ಹೇಳಲು ನಮ್ಮನ್ನು ಕರೆದಿದ್ದರು. ಯಜಮಾನರು ನಮ್ಮ ಸಮಾಜದವರೇ. ಮಠಮಾನ್ಯಗಳಿಗೆ ನಡೆದುಕೊಳ್ಳುವ, ದಾಸೋಹಕ್ಕೆ ಅಕ್ಕಿಬೇಳೆ ಕಳುಹಿಸುವ ಸದ್ಭಕ್ತ ಮನೆತನ. ಬಾಲ್ಯದಿಂದ ಮಠದಲ್ಲಿ ಓದಿ ಬೆಳೆದ ನಮಗೆ ಇಂಥ ಸಂದರ್ಭಕ್ಕೆ ನಾಲಿಗೆಯ ತುದಿಯಲ್ಲೇ ಇರುವ ಕಥೆಯೆಂದರೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ತಂದಾಗ, ಇಷ್ಟು ನಮಗೆ ಸಲ್ಲದು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳು. ಕಥೆಯನ್ನು ವಿಸ್ತಾರವಾಗಿಯೇ ಹೇಳಿದೆವು. ಆಸೆಯನ್ನು ಹಿಡಿತದಲ್ಲಿಟ್ಟುಕೊಂಡು ದುಡಿಯಬೇಕೆಂದೆವು. ಯಜಮಾನರು ಸಂತೋಷಪಟ್ಟು ಶಾಲು ಹೊದಿಸಿದರು.

ಪ್ರಸಾದ ಮುಗಿಸಿ ಹೊರಟಾಗ, ಅರವತ್ತರ ಆಸುಪಾಸಿನ ತಾಯಿಯೊಬ್ಬಳು ಬಾಗಿಲ ಬಳಿ ಕೈಮುಗಿದು ನಿಂತಿದ್ದಳು. “ಅಯ್ನೋರೇ, ಒಂದ್ ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡಿ. ಆಯಮ್ಮ ಜಾಸ್ತಿ ಬ್ಯಾಡ ಅಂದಿದ್ದು ತನ್ ಮನೇಗಲ್ವಾ? ನೀವು ನಮಗ್ಯಾಕೆ ಹೇಳಿದ್ರಿ?” ಎಂದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. “ಯೋಚನೆ ಮಾಡ್ತೀವಿ ತಾಯಿ” ಎಂದು ಹೇಳಿ ಬಸ್ಸು ಹತ್ತಿದೆವು. ಹೊದಿಸಿದ್ದ ಶಾಲು ಅಂದು ಭಾರವೆನಿಸಿತು.

ಆಕೆಯ ಮಾತು ಶಾಸ್ತ್ರಶುದ್ಧವಾದುದು. ಲಕ್ಕಮ್ಮ ಮಿತಿ ಹಾಕಿದ್ದು ತನ್ನ ಮನೆಗೆ ಬಂದ ಹೆಚ್ಚುವರಿಗೆ, ಅನ್ಯರ ಕೂಲಿಗಲ್ಲ. ಶೂನ್ಯಸಂಪಾದನೆಯ ಪ್ರಸಂಗವನ್ನು ಎಷ್ಟೋ ಸಲ ಪಾಠ ಹೇಳಿದ್ದರೂ, ಅದನ್ನು ಹೆಚ್ಚುವರಿ ಇಲ್ಲದವರ ಮುಂದೆ ಹೇಳುತ್ತ ಬಂದಿದ್ದೇವೆ ಎಂಬುದು ನಮಗೆ ಹೊಳೆದಿರಲಿಲ್ಲ. ಆ ಗೋದಾಮಿನಲ್ಲಿ ಹೆಚ್ಚುವರಿ ಉಳಿಯುತ್ತಿದ್ದುದು ಯಾರ ಬಳಿ?

ಹುಣಸೆ ವ್ಯಾಪಾರದ ಲಾಭ ಹುಟ್ಟುವ ಬಗೆಯನ್ನು ಓದುಗರು ತುಸು ಗಮನಿಸಬೇಕು. ಸುಗ್ಗಿಯಲ್ಲಿ ಎಲ್ಲರ ಮರಗಳೂ ಒಟ್ಟಿಗೆ ಹಣ್ಣಾಗುವುದರಿಂದ ಧಾರಣೆ ಇಳಿದಿರುತ್ತದೆ. ತಿರುಳನ್ನು ಶುದ್ಧಮಾಡಿ ಶೀತಲಗೃಹದಲ್ಲಿ ಇರಿಸಿದರೆ ಬಣ್ಣ ಕೆಡದು. ಬೆಲೆ ಏರಿದಾಗ ಮಾರಬಹುದು. ಅಂದರೆ ಬಂಡವಾಳವುಳ್ಳವನ ಮುಖ್ಯ ಶಕ್ತಿ ಕಾಯುವ ಶಕ್ತಿ. ಮರದ ಒಡೆಯನಾದ ರೈತನಿಗೆ ಸಾಲವಿದೆ, ಆತ ಕಾಯಲಾರ. ಕೂಲಿಯವಳಿಗೆ ಶನಿವಾರದ ಸಂತೆಯಿದೆ, ಆಕೆ ವಾರವನ್ನೂ ಕಾಯಲಾರಳು. ಕಾಯಬಲ್ಲವನು ಒಬ್ಬನೇ, ಆದ್ದರಿಂದ ಕಾದದ್ದರ ಫಲವೆಲ್ಲ ಆತನಿಗೆ. ಇದನ್ನು ಕಳ್ಳತನವೆಂದು ನಾವು ಕರೆಯಲಾರೆವು. ಗೋದಾಮಿನ ಬಾಡಿಗೆ, ಬ್ಯಾಂಕಿನ ಬಡ್ಡಿ, ಬೆಲೆ ಕುಸಿದರೆ ಬರುವ ನಷ್ಟ, ಇವೂ ಆತನವೇ. ಆದರೆ ಬಡಿದು ಬಿಡಿಸದ ಹುಣಸೆಯನ್ನು ಯಾವ ಶೀತಲಗೃಹದಲ್ಲಿಟ್ಟರೂ ಆ ಬೆಲೆ ಬಾರದು ಎಂಬುದೂ ಅಷ್ಟೇ ದಿಟ.

ಈ ವಿಷಯ ಆ ಯಜಮಾನರ ಮನೆಯಲ್ಲೂ ಪ್ರಸ್ತಾಪವಾಯಿತು. ಅವರ ಮಗ ವಾಣಿಜ್ಯಶಾಸ್ತ್ರ ಓದಿದ ಹುಡುಗ. ಲಾಭದಲ್ಲಿ ಒಂದಂಶ ದುಡಿದವರಿಗೆ ಕೊಡೋಣ ಎಂಬುದು ಅವನ ವಾದ. ತಂದೆಯವರಿಗೆ ಸಿಟ್ಟು. “ಹಬ್ಬಕ್ಕೆ ಸೀರೆ ಕೊಡ್ತೀವಿ, ಮದುವೆಗೆ ಮುಯ್ಯಿ ಮಾಡ್ತೀವಿ, ಕಾಯಿಲೆ ಅಂದ್ರೆ ಆಸ್ಪತ್ರೆಗೆ ಕಳಿಸ್ತೀವಿ. ಇನ್ನೇನು ಪಾಲು?” ಎಂದು ಅವರು ನಮ್ಮನ್ನೇ ಕೇಳಿದರು. ಅವರು ಹೇಳಿದ್ದೆಲ್ಲ ಸತ್ಯ. ಮಗ ಮೆಲ್ಲಗೆ ಹೇಳಿದ: “ಅಪ್ಪಾಜಿ, ಸೀರೆ ನಾವು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಪಾಲು ಹಾಗಲ್ಲ.” ಆ ಮಾತನ್ನು ಹಿಡಿದುಕೊಂಡು ನಮ್ಮ ಸೀಮೆಯ ನಾಲ್ಕು ತಾಲ್ಲೂಕುಗಳಲ್ಲಿ ಪಾಲು ಎಂಬುದು ಎಲ್ಲೆಲ್ಲಿ ಹೇಗೆ ನಡೆಯುತ್ತಿದೆಯೆಂದು ಕಂಡುಬರೋಣವೆಂದು ಹೊರಟೆವು. ವಯಸ್ಸಾದವರಿಗೆ ಬಸ್ಸಿನ ಪ್ರಯಾಣ ಕಷ್ಟವೇ. ಆದರೂ ಹೋಗಿದ್ದು ಒಳ್ಳೆಯದಾಯಿತು.

ಕುರಿಯ ಪಾಲು, ಬಿಸಿಲ ಗುತ್ತಿಗೆ

ಶಿರಾ ಸೀಮೆಯಲ್ಲಿ ಕುರಿಯನ್ನು ಪಾಲಿಗೆ ಬಿಡುವ ಪದ್ಧತಿ ಹಿರಿಯರೆಲ್ಲರಿಗೂ ಗೊತ್ತು. ಹಣವಿದ್ದವನು ಕುರಿ ಕೊಳ್ಳುತ್ತಾನೆ, ಮೇಯಿಸಬಲ್ಲವನು ಮೇಯಿಸುತ್ತಾನೆ, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಪಾಲು. ಹೊಲವನ್ನು ಕೋರಿಗೆ ಕೊಡುವುದೂ ಇದೇ ಜಾತಿಯದು. ಲಾಭ ಹಂಚಿಕೆಯೆಂಬುದು ವಿದೇಶದ ಪುಸ್ತಕಗಳಿಂದ ಬಂದ ಹೊಸ ಮಾತೆಂದು ತಿಳಿದವರು ಕುರಿಹಟ್ಟಿಗೆ ಹೋಗಿ ನೋಡಬಹುದು. ಅಲ್ಲಿ ಮರಿಗಳು ಕಣ್ಣೆದುರಿಗೇ ಇರುತ್ತವೆ. ಎಷ್ಟು ಹುಟ್ಟಿದವು, ಎಷ್ಟು ಸತ್ತವು ಎಂಬುದನ್ನು ಯಾರೂ ಮರೆಮಾಚಲಾಗದು. ಲೆಕ್ಕ ಇಬ್ಬರಿಗೂ ಕಾಣುವುದೇ ಪಾಲುಗಾರಿಕೆಯ ಮೊದಲ ಆಧಾರ. ಆದರೆ ಈ ಪದ್ಧತಿಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ರೋಗ ಬಂದು ಹಿಂಡು ಸತ್ತರೆ, ಮಳೆ ಹೋಗಿ ರಾಗಿ ಒಣಗಿದರೆ, ದುಡಿದವನಿಗೆ ವರ್ಷದ ಅನ್ನವೇ ಹೋಯಿತು. ಒಡೆಯನಿಗೆ ಬೇರೆ ದಾರಿಯಿರುತ್ತದೆ, ಮೇಯಿಸಿದವನಿಗೆ ಇಲ್ಲ. ನಷ್ಟದಲ್ಲೂ ಸಮಪಾಲು ಎಂಬುದು ಕಿವಿಗೆ ನ್ಯಾಯವಾಗಿ ಕೇಳಿಸಿದರೂ, ಉಳ್ಳವನ ಅರ್ಧವೂ ಇಲ್ಲದವನ ಅರ್ಧವೂ ಒಂದೇ ತೂಕದವಲ್ಲ.

ಪಾವಗಡದಲ್ಲಿ ನಾವು ಕಂಡದ್ದು ಇದಕ್ಕೆ ತೀರಾ ವಿರುದ್ಧವಾದ ಏರ್ಪಾಡು. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ, ಕನ್ನಡ ತೆಲುಗುಗಳೆರಡೂ ಒಂದೇ ಜಗಲಿಯಲ್ಲಿ ಕುಳಿತ, ಬರಕ್ಕೆ ಹೆಸರಾದ ತಾಲ್ಲೂಕು ಅದು. ಮಳೆ ಕೈಕೊಟ್ಟರೆ ಕಡಲೆಕಾಯಿ ಬಿತ್ತಿದ ಬೀಜದಷ್ಟೂ ಹಿಂದಕ್ಕೆ ಬಾರದ ವರ್ಷಗಳುಂಟು. ಅಲ್ಲಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ಜಮೀನಿನಲ್ಲಿ ಸೌರವಿದ್ಯುತ್ ಪಾರ್ಕು ನಿಂತಿದೆ. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಗಿ, 2019ರ ಕೊನೆಯ ಹೊತ್ತಿಗೆ 2,050 ಮೆಗಾವಾಟ್ ಸಾಮರ್ಥ್ಯ ತಲುಪಿತು. ಜಗತ್ತಿನ ದೊಡ್ಡ ಸೌರ ಪಾರ್ಕುಗಳಲ್ಲಿ ಇದೂ ಒಂದು. ನಮಗೆ ಮುಖ್ಯವೆನಿಸಿದ್ದು ಅದರ ಗಾತ್ರವಲ್ಲ. ರೈತರ ಭೂಮಿಯನ್ನು ಇಲ್ಲಿ ಕೊಂಡುಕೊಳ್ಳಲಿಲ್ಲ; ಗುತ್ತಿಗೆಗೆ ಪಡೆದರು. ಪಹಣಿ ರೈತನ ಹೆಸರಿನಲ್ಲಿಯೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆ ಎಂದು ಕರಾರು. ನೆಲವನ್ನು ಒಂದೇ ಸಲ ಮಾರಿ, ಬಂದ ದುಡ್ಡನ್ನು ಮದುವೆ ಮುಂಜಿಗಳಲ್ಲಿ ಕರಗಿಸಿ, ಅದೇ ನೆಲದ ಮೇಲೆ ಎದ್ದ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರನಾಗಿ ನಿಲ್ಲುವ ರೈತರನ್ನು ಬೇರೆಡೆ ಕಂಡಿರುವ ನಮಗೆ ಈ ಕ್ರಮ ಎಷ್ಟೋ ಮೇಲೆಂದು ತೋರಿತು.

ಆದರೆ ಗುತ್ತಿಗೆಯ ಹಣ ಪಾಲಲ್ಲ, ಬಾಡಿಗೆ. ಇವೆರಡರ ಅಂತರ ಲೆಕ್ಕ ಹಾಕಿದರೆ ತಿಳಿಯುತ್ತದೆ. ಎರಡು ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೆ, ಹತ್ತು ವರ್ಷ ಕಳೆದ ಮೇಲೆ ಎಕರೆಗೆ ಸಿಗುವುದು ಸುಮಾರು 26,800 ರೂಪಾಯಿ. ಇಪ್ಪತ್ತೈದನೆಯ ವರ್ಷದಲ್ಲಿ ಸುಮಾರು 37,700. ಬೇಳೆಯೆಣ್ಣೆಗಳ ಬೆಲೆ ಇದಕ್ಕಿಂತ ವೇಗವಾಗಿ ಏರಿದರೆ, ಅಂಕೆಯಲ್ಲಿ ಬೆಳೆಯುವ ಬಾಡಿಗೆ ಅಡುಗೆಮನೆಯಲ್ಲಿ ಕುಗ್ಗುತ್ತದೆ. ವಿದ್ಯುತ್ತಿನಿಂದ ಲಾಭ ಹೆಚ್ಚಾದರೂ ರೈತನಿಗೆ ಸಂಬಂಧವಿಲ್ಲ. ಅದೇ ರೀತಿ, ಮೋಡ ಮುಸುಕಿ ಉತ್ಪಾದನೆ ಇಳಿದರೂ ಆತನ ಹಣ ಇಳಿಯದು. ದಶಕಗಳ ಕಾಲ ಮುಗಿಲನ್ನೇ ನೋಡಿ ಸೋತ ಮನುಷ್ಯ ನಿಶ್ಚಿತವಾದುದನ್ನು ಆರಿಸಿಕೊಂಡರೆ ತಪ್ಪೆನ್ನಲು ನಾವು ಯಾರು? ಗುತ್ತಿಗೆಯ ಬಾಡಿಗೆಯೊಂದಿಗೆ ಲಾಭದ ಒಂದು ಸಣ್ಣ ಅಂಶವನ್ನೂ ಸೇರಿಸಿ ಕರಾರು ಮಾಡಬಹುದಿತ್ತು ಎಂಬುದಷ್ಟೇ ನಮ್ಮ ಅಭಿಪ್ರಾಯ.

ಇನ್ನೂ ಒಂದು ಸಂಗತಿಯಿದೆ. ಪಹಣಿಯುಳ್ಳವನಿಗೆ ಬಾಡಿಗೆ ಬಂತು. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಭೂರಹಿತರಿಗೆ ಪಹಣಿಯೇ ಇಲ್ಲ. ಬೀಳುಗಳಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಅಡ್ಡ ಬಂತು. ಅವರಲ್ಲಿ ಕೆಲವರಿಗೆ ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲಿರುವ ಕೆಲಸ ದೊರೆಯಿತು, ಎಲ್ಲರಿಗೂ ಅಲ್ಲ. ಒಡೆತನದ ಆಧಾರದ ಮೇಲೆ ಹಂಚಿದಾಗ ದುಡಿಮೆ ಲೆಕ್ಕದಿಂದ ಹೊರಗುಳಿಯುವುದಕ್ಕೆ ಇದಕ್ಕಿಂತ ನಿಚ್ಚಳ ನಿದರ್ಶನ ನಮಗೆ ದೊರೆಯಲಿಲ್ಲ. ಪಕ್ಕದ ವೈ.ಎನ್. ಹೊಸಕೋಟೆಯ ರೇಷ್ಮೆ ಸೀರೆಯ ನೇಕಾರರಲ್ಲಿಯೂ, ಮಗ್ಗ ತನ್ನದಾದವನಿಗೂ ಬೇರೆಯವರ ನೂಲಿಗೆ ಕೂಲಿ ನೇಯುವವನಿಗೂ ಇರುವ ಅಂತರ ಇದೇ.

ಕೊರಟಗೆರೆಯಲ್ಲಿ ಜಯಮಂಗಲಿ ಹೊಳೆಯ ಬಳಿಯ ಹಳ್ಳಿಯೊಂದರ ಹಾಲಿನ ಡೇರಿಗೆ ಮುಂಜಾನೆ ಹೋಗಿ ಕುಳಿತೆವು. ಡೇರಿಯ ಕ್ರಮ ನಮ್ಮ ಮನೆಗಳಿಗೆ ಹೊಸದೇನಲ್ಲ. ಎರಡು ಹೊತ್ತು ಹಾಲು ಅಳೆದು, ಜಿಡ್ಡಿನ ಅಂಶ ಪರೀಕ್ಷಿಸಿ, ಪುಸ್ತಕದಲ್ಲಿ ಬರೆದು, ಬಟವಾಡೆಯ ದಿನ ಹಣ ಕೊಡುತ್ತಾರೆ. ವರ್ಷದ ಕೊನೆಗೆ ನಿವ್ವಳ ಲಾಭ ಉಳಿದರೆ ಅದರಲ್ಲಿ ಕಾನೂನಿನಂತೆ ಶೇಕಡ 25ರಷ್ಟನ್ನು ಮೀಸಲು ನಿಧಿಗೆ ತೆಗೆದಿಟ್ಟು, ಉಳಿದುದರಲ್ಲಿ ಒಂದು ಭಾಗವನ್ನು ಹಾಲು ಹಾಕಿದವರಿಗೆ ಬೋನಸ್ಸಾಗಿ ಹಂಚುತ್ತಾರೆ. ಇಲ್ಲಿ ಹಂಚಿಕೆ ಷೇರಿನ ಮೇಲಲ್ಲ, ಹಾಕಿದ ಹಾಲಿನ ಮೇಲೆ. ಒಂದೇ ಹಸುವುಳ್ಳ ವಿಧವೆಗೂ ಹತ್ತು ಹಸುವಿನ ಗೌಡರಿಗೂ ಮತ ಒಂದೊಂದೇ. ಸರ್ವಸದಸ್ಯರ ಸಭೆಯಲ್ಲಿ ಜಮಾಖರ್ಚು ಓದಿ ಹೇಳಬೇಕು. ಆ ಸಭೆಗಳಲ್ಲಿ ಆಗುವ ಜಗಳಗಳನ್ನು ಕಂಡು ನಗುವವರಿದ್ದಾರೆ. ನಮಗೋ ಆ ಜಗಳವೇ ಪ್ರಿಯವಾಯಿತು. ಲೆಕ್ಕದ ಬಗ್ಗೆ ಜಗಳವಾಡುವ ಅಧಿಕಾರ ಹುಣಸೆ ಗೋದಾಮಿನ ತಾಯಂದಿರಿಗೆ ಎಲ್ಲಿದೆ?

ಸಹಕಾರದ ಈ ಬೀಜ ನಮ್ಮ ನಾಡಿನಲ್ಲಿಯೇ ಮೊದಲು ಮೊಳೆಯಿತೆಂಬುದನ್ನು ಇಲ್ಲಿ ನೆನೆಯಬಹುದು. 1904ರ ಕಾಯ್ದೆ ಬಂದ ಮರುವರ್ಷ, 1905ರಲ್ಲಿ, ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಅವರ ಗುರಿಯಾಗಿತ್ತು.

ಕೊಡುವುದು, ಕೊಡಲೇಬೇಕಾದುದು

ಕಾರ್ಖಾನೆಗಳ ವಿಷಯಕ್ಕೆ ಬಂದರೆ 1965ರ ಬೋನಸ್ ಸಂದಾಯ ಕಾಯ್ದೆಯನ್ನು ಹೇಳದೆ ಗತ್ಯಂತರವಿಲ್ಲ. ವರ್ಷದ ಸಂಬಳದ ಮೇಲೆ ಕನಿಷ್ಠ ಶೇಕಡ 8.33, ಗರಿಷ್ಠ ಶೇಕಡ 20 ಎಂಬುದು ಅದರ ನಿಯಮ. 2019ರ ವೇತನ ಸಂಹಿತೆಯಲ್ಲಿಯೂ ಇದೇ ಪ್ರಮಾಣ ಉಳಿದಿದೆ. 8.33 ಎಂಬ ವಿಚಿತ್ರ ಅಂಕೆಗೆ ಹೆದರಬೇಕಾಗಿಲ್ಲ. ಅದು ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಒಂದು ತಿಂಗಳ ಸಂಬಳ. ನಷ್ಟವಾದರೂ ಕನಿಷ್ಠ ಬೋನಸ್ ಕೊಡಬೇಕಾದ್ದರಿಂದ ಅದನ್ನು ಲಾಭದ ಪಾಲು ಎನ್ನುವುದಕ್ಕಿಂತ ತಡವಾಗಿ ಕೊಟ್ಟ ಸಂಬಳ ಎನ್ನುವುದೇ ಸರಿ. ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವಿನ ಅಂತರದಲ್ಲಿ ಮಾತ್ರ ಲಾಭದ ಲೆಕ್ಕ ಬರುತ್ತದೆ. ಆ ಲೆಕ್ಕದಲ್ಲಿ ಸವಕಳಿ, ತೆರಿಗೆ, ಬಂಡವಾಳದ ಪ್ರತಿಫಲ ಎಲ್ಲ ಕಳೆದು ಉಳಿದದ್ದನ್ನೇ ಹಂಚಲು ಬರುವ ಮೊತ್ತವೆಂದು ಗಣಿಸುತ್ತಾರೆ. ಸಣ್ಣ ಗೋದಾಮುಗಳಲ್ಲಿ ತುಂಡುಗೂಲಿಗೆ ದುಡಿಯುವವರ ಹತ್ತಿರ ಈ ಕಾನೂನು ಸುಳಿಯುವುದೂ ಅಪರೂಪ. 1976ರ 42ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 43ಎ ವಿಧಿಯು ಉದ್ಯಮಗಳ ಆಡಳಿತದಲ್ಲಿ ಕಾರ್ಮಿಕರು ಭಾಗವಹಿಸುವಂತೆ ಮಾಡಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. ಅದು ಪುಸ್ತಕದಲ್ಲಿದೆ.

ಕಾರ್ಮಿಕರೇ ಒಡೆಯರಾದ ಉದಾಹರಣೆ ಬೇಕೆಂದರೆ ಬೆಂಗಳೂರಿನ ಕಾಫಿ ಹೌಸ್ ಇದೆ. 1950ರ ದಶಕದಲ್ಲಿ ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, ಎ.ಕೆ. ಗೋಪಾಲನ್ ಅವರ ಮುಂದಾಳ್ತನದಲ್ಲಿ ನೌಕರರು ಸಹಕಾರ ಸಂಘಗಳನ್ನು ಕಟ್ಟಿಕೊಂಡು ಅವನ್ನು ತಾವೇ ವಹಿಸಿಕೊಂಡರು. ಅಂಥ ಮೊದಲ ಸಂಘ 1957ರ ಆಗಸ್ಟ್ 19ರಂದು ಹುಟ್ಟಿದ್ದು ಬೆಂಗಳೂರಿನಲ್ಲಿಯೇ. ಪೇಟ ಸುತ್ತಿ ಕಾಫಿ ತಂದಿಡುವ ಮನುಷ್ಯನೇ ಅಲ್ಲಿ ಸದಸ್ಯ. ಮಠದ ಮುದ್ರಣದ ಕೆಲಸಕ್ಕೆ ಬೆಂಗಳೂರಿಗೆ ಹೋದಾಗಲೆಲ್ಲ ಎಂ.ಜಿ. ರಸ್ತೆಯ ಆ ಹಳೆಯ ಬೆಂಚುಗಳ ಮೇಲೆ ಕುಳಿತು ಕಾಫಿ ಕುಡಿದಿದ್ದೇವೆ. ನಮ್ಮ ಗುರುಗಳಿಗೆ ಅದು ತಿಳಿದಿರಲಿಲ್ಲ. 2009ರಲ್ಲಿ ಆ ಜಾಗ ತೊರೆದು ಅವರು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಒಡೆತನ ನೌಕರರದಾದರೂ ಕಟ್ಟಡ ಅವರದಾಗಿರಲಿಲ್ಲ. ಸಹಕಾರಿ ದ್ವೀಪವೊಂದು ಪೇಟೆಯ ಕಡಲಿನ ನಡುವೆ ನಿಂತಿರುವಾಗ ಅಲೆಗಳಿಂದ ತಪ್ಪಿಸಿಕೊಳ್ಳಲಾಗದು.

ಸ್ಪೇನ್ ದೇಶದ ಮೊಂದ್ರಗೋನ್ ಎಂಬ ಊರಿನ ಕಥೆ ನಮ್ಮಂಥ ಮಠದವರಿಗೆ ಹೆಚ್ಚು ಆಪ್ತವಾದೀತು. ಹೋಸೆ ಮರಿಯಾ ಅರಿಸ್ಮೆಂದಿಯಾರಿಯೆತಾ ಎಂಬ ಪಾದ್ರಿ 1941ರಲ್ಲಿ ಅಲ್ಲಿಗೆ ಬಂದು 1943ರಲ್ಲಿ ಬಡ ಹುಡುಗರಿಗೆ ತಾಂತ್ರಿಕ ಶಾಲೆ ತೆರೆದರು. ಆ ಶಾಲೆಯಲ್ಲಿ ಕಲಿತ ಐವರು ಯುವಕರು 1956ರಲ್ಲಿ ಕಾರ್ಮಿಕ ಒಡೆತನದ ಕಾರ್ಖಾನೆ ಆರಂಭಿಸಿದರು. ಅದು ಬೆಳೆದು ಹತ್ತಾರು ಸಹಕಾರಿ ಉದ್ಯಮಗಳ ಒಕ್ಕೂಟವಾಯಿತು. ತಮ್ಮದೇ ಬ್ಯಾಂಕನ್ನೂ ಕಟ್ಟಿಕೊಂಡರು. ಸೇರುವಾಗ ಪ್ರತಿಯೊಬ್ಬನೂ ಒಂದಷ್ಟು ಬಂಡವಾಳ ಹಾಕಬೇಕು. ಲಾಭದ ಪಾಲು ಅವನ ಖಾತೆಗೆ ಜಮೆಯಾಗಿ ಕೆಲಸ ಬಿಡುವಾಗ ಕೈಗೆ ಬರುತ್ತದೆ. ಅತಿ ದೊಡ್ಡ ಸಂಬಳವು ಅತಿ ಚಿಕ್ಕ ಸಂಬಳದ ಸುಮಾರು ಆರು ಪಟ್ಟನ್ನು ದಾಟದಂತೆ ಸಾಮಾನ್ಯವಾಗಿ ನೋಡಿಕೊಳ್ಳುತ್ತಾರೆ. ಆದರೆ 2013ರಲ್ಲಿ ಅವರ ಫಾಗೋರ್ ಎಂಬ ಗೃಹೋಪಕರಣ ಸಂಸ್ಥೆ ದಿವಾಳಿಯಾಯಿತು. ಅಲ್ಲಿಯ ಸದಸ್ಯರಲ್ಲಿ ಅನೇಕರಿಗೆ ಒಕ್ಕೂಟದ ಇತರ ಸಂಸ್ಥೆಗಳಲ್ಲಿ ಕೆಲಸ ಕೊಟ್ಟರೂ, ಹಾಕಿದ ಬಂಡವಾಳ ನಷ್ಟವಾದದ್ದು ನಷ್ಟವೇ. ನಮ್ಮಲ್ಲಿಯ ಇನ್ಫೋಸಿಸ್ 1994ರಲ್ಲಿ ನೌಕರರಿಗೆ ಷೇರು ಕೊಡುವ ಯೋಜನೆ ತಂದು ಅನೇಕರನ್ನು ಶ್ರೀಮಂತರನ್ನಾಗಿ ಮಾಡಿತು. ಅದು ಓದಿದವರ ಉದ್ಯಮ, ಬೆಳೆಯುವ ಕಾಲದ ಉದ್ಯಮ. ಹುಣಸೆಗೆ ಷೇರುಪೇಟೆಯಿಲ್ಲ.

ಹಿರಿಯ ಯಜಮಾನರ ಕೊನೆಯ ಆಕ್ಷೇಪ ಇದು: “ನಷ್ಟ ಬಂದ ವರ್ಷ ಅವರೂ ಪಾಲು ಹೊರುತ್ತಾರಾ?” ಇದು ಹಗುರವಾದ ಪ್ರಶ್ನೆಯಲ್ಲ. ಕುರಿಯ ಪಾಲನ್ನು ಕಂಡುಬಂದ ನಾವು ಹೇಳಿದ್ದಿಷ್ಟು. ನಷ್ಟ ಬಂದಾಗ ಗೋದಾಮು ಮೊದಲು ಮಾಡುವುದು ಕೆಲಸದವರನ್ನು ಕಡಿಮೆ ಮಾಡುವುದು. ತುಮಕೂರಿನ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ನಷ್ಟದಲ್ಲಿ ಸೊರಗಿ 2016ರಲ್ಲಿ ಮುಚ್ಚಿದಾಗ, ನಷ್ಟಕ್ಕೆ ಕಾರಣವಾದ ಯಾವ ನಿರ್ಧಾರವನ್ನೂ ಕೈಗೊಳ್ಳದ ಕಾರ್ಮಿಕರೇ ಮನೆಗೆ ಹೋದರು. ನಷ್ಟದ ಪಾಲನ್ನು ದುಡಿಯುವವರು ಯಾವತ್ತೂ ಹೊತ್ತಿದ್ದಾರೆ. ಕಾಗದದಲ್ಲಿ ಬರೆದಿಲ್ಲ ಅಷ್ಟೆ. ಆದ್ದರಿಂದ ಕೂಲಿಯನ್ನು ಮುಟ್ಟಕೂಡದು, ಅದು ಮೊದಲು. ಅನಂತರ ಬಡ್ಡಿ, ಬಾಡಿಗೆ, ಯಜಮಾನರ ದುಡಿಮೆಗೆ ಸಲ್ಲಬೇಕಾದ ಸಂಬಳ. ಇವೆಲ್ಲ ಕಳೆದು ಉಳಿದರೆ, ಉಳಿದುದರಲ್ಲಿ ಮೀಸಲು ತೆಗೆದಿಟ್ಟು ಮಿಕ್ಕದ್ದನ್ನು ಡೇರಿಯ ಕ್ರಮದಲ್ಲಿ ಹಂಚಬಹುದು. ಯಾರು ಎಷ್ಟು ಕಿಲೋ ಬಿಡಿಸಿದರೋ ಅಷ್ಟಕ್ಕೆ. ಉಳಿಯದಿದ್ದರೆ ಆ ವರ್ಷ ಇಲ್ಲ. ಹಬ್ಬದ ಸೀರೆ ಬೇಕಾದರೆ ಕೊಡಲಿ. ಅದನ್ನು ಪಾಲಿನ ಲೆಕ್ಕದಲ್ಲಿ ಕಳೆಯಕೂಡದು.

ಇಷ್ಟರಿಂದ ಬಂಡವಾಳಶಾಹಿ ವ್ಯವಸ್ಥೆ ಮಗುಚಿಬೀಳುತ್ತದೆಂದು ನಾವು ಭ್ರಮಿಸಿಲ್ಲ. ಮಾರುಕಟ್ಟೆ ಇರುತ್ತದೆ, ಧಾರಣೆ ಏರಿಳಿಯುತ್ತದೆ, ಶೀತಲಗೃಹದ ಕೀಲಿಕೈ ಯಜಮಾನರ ಬಳಿಯೇ ಇರುತ್ತದೆ. ದಾಸೋಹವನ್ನು ನಾವು ಬಹುಮಟ್ಟಿಗೆ ಅನ್ನದ ಸಾಲಿನಲ್ಲಿ ಮಾತ್ರ ಕಾಣುತ್ತ ಬಂದಿದ್ದೇವೆ. ಅನ್ನಕ್ಕೆ ಅಕ್ಕಿ ಕಳುಹಿಸುವ ಅಂಗಡಿಯ ಖಾತೆಪುಸ್ತಕದಲ್ಲಿ ಅದನ್ನು ಹುಡುಕುವ ಧೈರ್ಯ ಮಠದವರಾದ ನಮಗೂ ಬರಲಿಲ್ಲ. ಮಠಗಳ ಆಸ್ತಿಯಲ್ಲಿ, ವಿದ್ಯಾಸಂಸ್ಥೆಗಳಲ್ಲಿ ದುಡಿಯುವವರ ಪ್ರಶ್ನೆಯೂ ಇದರೊಳಗೇ ಬರುತ್ತದೆ. ಅದನ್ನು ಕುರಿತು ಬೇರೆಯಾಗಿಯೇ ಬರೆಯಬೇಕು.

ಯಜಮಾನರು ಸುಲಭಕ್ಕೆ ಒಪ್ಪಲಿಲ್ಲ. ಎರಡು ಸುಗ್ಗಿ ಕಳೆದವು. ಈ ವರ್ಷ, “ಒಂದು ವರ್ಷ ನೋಡೋಣ, ಆಮೇಲೆ ನನ್ನನ್ನು ಕೇಳಬಾರದು” ಎಂದು ಮಗನಿಗೆ ಅಪ್ಪಣೆ ಕೊಟ್ಟರು. ತೂಕದ ಪುಸ್ತಕಗಳನ್ನು ತೆಗೆದು, ಹಿಂದಿನ ಸುಗ್ಗಿಯಲ್ಲಿ ಯಾರು ಎಷ್ಟು ಬಿಡಿಸಿದ್ದರೆಂದು ಪಟ್ಟಿ ಮಾಡಲು ಹುಡುಗ ಕುಳಿತ; ಅಕ್ಷರ ಓದಿ ಹೇಳಲು ನಾವೂ ಜೊತೆಗಿದ್ದೆವು. ಪುಟ ತಿರುವಿದಂತೆ ಇಬ್ಬರೂ ಸುಮ್ಮನಾದೆವು. ಕಿಲೋ ಗ್ರಾಮುಗಳು ತಪ್ಪದೆ ಬರೆದಿದ್ದವು. ಹೆಸರಿನ ಸಾಲಿನಲ್ಲಿ ಮಾತ್ರ ಇಂಥವರ ಸೊಸೆ, ಇಂಥವರ ತಾಯಿ, ಹಟ್ಟಿಯ ಕಡೆಯವಳು ಎಂದಿತ್ತು. ನಮಗೆ ಪ್ರಶ್ನೆ ಹಾಕಿದ್ದ ಆ ತಾಯಿಯ ಸಾಲಿನಲ್ಲಿ ‘ಮುದುಕಿ’ ಎಂದಷ್ಟೇ ಇತ್ತು. ಮರುದಿನ ಬೆಳಗ್ಗೆ ಹುಡುಗ ಹೊಸ ಪುಸ್ತಕವೊಂದನ್ನು ಹಿಡಿದು ಗೋದಾಮಿನ ಬಾಗಿಲಲ್ಲಿ ನಿಂತು, ಬಂದವರನ್ನೆಲ್ಲ ಒಬ್ಬೊಬ್ಬರಾಗಿ, “ಅಮ್ಮಾ, ನಿಮ್ಮ ಹೆಸರೇನು?” ಎಂದು ಕೇಳುತ್ತಿದ್ದ.